ಡೇಟ್ ಕೇಳೋರಿಗೆ ಒಂದಿಷ್ಟು ಇತಿಹಾಸ

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ, ಆದ್ರೆ ಅರ್ಧಕ್ಕೆ ಬಿಡ್ಬೇಡಿ.

2025ರ ಜನವರಿಯಲ್ಲಿ ಒಂದು ಕಚೇರಿಯ ಕೌಂಟರಿನಲ್ಲಿ ನಡೆದದ್ದು ಇದು. ಯಾವ ಕಚೇರಿ ಅಂತ ಬರೆಯಲ್ಲ. ನಾನೂ ಗುಮಾಸ್ತ, ಸಂಬಳ ತಗೊಳ್ಳೋನು. ಜನನ ಪ್ರಮಾಣಪತ್ರದಲ್ಲಿ ಹೆಸರು ಮತ್ತು ಲಿಂಗ ಬದಲಾಯಿಸಿಕೊಡಿ ಅಂತ ಒಬ್ಬರು ಅರ್ಜಿ ತಂದಿದ್ದರು. ಇಪ್ಪತ್ತೈದರ ಆಸುಪಾಸಿನ ಹುಡುಗಿ. ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ, ನಮ್ಮದೇ ಜನ. ಹಳೇ ದಾಖಲೆಯಲ್ಲಿ ಗಂಡು ಅಂತ ಇತ್ತು. ಜಿಲ್ಲಾಧಿಕಾರಿ ಕೊಟ್ಟ ಗುರುತಿನ ಪ್ರಮಾಣಪತ್ರ, ಅಫಿಡವಿಟ್, ಝೆರಾಕ್ಸ್ ಎಲ್ಲ ಸರಿಯಾಗಿ ಜೋಡಿಸಿದ್ದರು.

ಪಕ್ಕದ ಟೇಬಲ್ಲಿನವರು ಕಾಗದ ನೋಡಲೇ ಇಲ್ಲ, ಮೊದಲು ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. "ಆಪರೇಷನ್ ಆಗಿದ್ಯಾ?"

"ಇಲ್ಲ ಸರ್."

"ಮತ್ತೆ ಯಾವತ್ತಿಂದ ಹೆಂಗಸಾಗಿದ್ದು? ಒಂದು ಡೇಟ್ ಹೇಳು, ಬರ್ಕೊಳ್ತೀನಿ."

ಆಕೆ ಸಿಟ್ಟು ಮಾಡಿಕೊಳ್ಳಲಿಲ್ಲ. "ಡೇಟ್ ಎಲ್ಲಿಂದ ತರ್ಲಿ ಸರ್? ಒಳಗೆ ಏನೋ ಇದೆ ಅಂತ ಚಿಕ್ಕಂದಿನಿಂದ ಗೊತ್ತಿತ್ತು. ಅದಕ್ಕೊಂದು ಹೆಸರಿದೆ ಅಂತ ಗೊತ್ತಾಗಿದ್ದು ಕಾಲೇಜಿಗೆ ಬಂದ್ಮೇಲೆ. ಇನ್ನೂ ಗೊತ್ತಾಗ್ತಾನೇ ಇದೆ."

"ನಿಂಗೇ ಇನ್ನೂ ಗೊತ್ತಾಗ್ತಾ ಇದೆ ಅಂದ್ರೆ ನಾವೇನು ಬರ್ಕೊಳ್ಳೋದು?" ಅಂದರು. ಸುತ್ತ ಇದ್ದವರು ನಕ್ಕರು. ಅರ್ಜಿ ವಾಪಸ್ ಹೋಯಿತು. ಹಿಂಬರಹ ಕೂಡ ಕೊಡಲಿಲ್ಲ. ನಾನು ನಗಲಿಲ್ಲ ಅನ್ನೋದು ನಿಜ. ಆದ್ರೆ ವಹಿಯೊಳಗೆ ತಲೆ ಹಾಕಿಕೊಂಡು ಕೂತಿದ್ದೆ ಅನ್ನೋದೂ ಅಷ್ಟೇ ನಿಜ. ಇಪ್ಪತ್ತು ವರ್ಷದಿಂದ ಸಭೆಗಳಲ್ಲಿ ಮೈಕ್ ಹಿಡಿದು ಮಾತಾಡುವ ಮನುಷ್ಯ ನಾನು. ಆ ಹೊತ್ತಿಗೆ ಬಾಯಿ ಬರಲಿಲ್ಲ.

ಅವತ್ತು ಹಾರಂಗಿಗೆ ವಾಪಸ್ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಒಬ್ಬ ಮನುಷ್ಯ ತಾನು ಯಾರು ಅಂತ ತಿಳಿಯುವುದಕ್ಕೆ ಒಂದು ತಾರೀಖು, ಮೈ ಮೇಲೆ ಒಂದು ಗುರುತು ಇರಲೇಬೇಕು ಅನ್ನೋ ಈ ಹಠ ಎಲ್ಲಿಂದ ಬಂತು? ಓದುತ್ತಾ ಹೋದೆ. ಹುಡುಕಿದ್ದು ಅವರ ಇತಿಹಾಸ. ಸಿಕ್ಕಿದ್ದರಲ್ಲಿ ಅರ್ಧ ನಮ್ಮದೇ ಇತಿಹಾಸ.

ಒಂದೇ ಕಾಯ್ದೆ, ಎರಡು ಭಾಗ

1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಬಗ್ಗೆ ನಮ್ಮ ಸಭೆಗಳಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಬರೆದು ಠಾಣೆಯಲ್ಲಿ ಹಾಜರಿ ಹಾಕಿಸಿದ ಕಾಯ್ದೆ ಅದು. 1952ರ ಆಗಸ್ಟ್ 31ರಂದು ರದ್ದಾಯಿತು. ಅಲೆಮಾರಿ ಬಂಧುಗಳು ಆ ದಿನವನ್ನು ಇವತ್ತಿಗೂ ವಿಮುಕ್ತ ದಿನ ಅಂತ ಆಚರಿಸುತ್ತಾರೆ.

ಆದ್ರೆ ಆ ಕಾಯ್ದೆಗೆ ಎರಡನೇ ಭಾಗ ಒಂದಿತ್ತು ಅನ್ನೋದನ್ನ ನಾನು ಯಾವ ಭಾಷಣದಲ್ಲೂ ಹೇಳಿಲ್ಲ. ಯಾಕಂದ್ರೆ ನನಗೇ ಗೊತ್ತಿರಲಿಲ್ಲ. ಆ ಎರಡನೇ ಭಾಗ ಹಿಜಡಾ ಸಮುದಾಯದ್ದು. ಬ್ರಿಟಿಷರು ಅವರಿಗಿಟ್ಟ ಹೆಸರು 'ಯೂನಕ್'. ತಾನೇ ಒಪ್ಪಿಕೊಂಡ ಅಥವಾ ವೈದ್ಯಕೀಯ ತಪಾಸಣೆಯಲ್ಲಿ ಕಂಡುಬಂದ 'ಪುರುಷತ್ವವಿಲ್ಲದ ಗಂಡಸು' ಅಂತ ಅದರ ವ್ಯಾಖ್ಯಾನ. ಮಕ್ಕಳನ್ನು ಕದಿಯುತ್ತಾರೆ, 377ರ ಅಪರಾಧ ಮಾಡುತ್ತಾರೆ ಅಂತ ಅನುಮಾನ ಇದ್ದರೆ ಸಾಕು, ಹೆಸರು ಮತ್ತು ಆಸ್ತಿ ರಿಜಿಸ್ಟರಿಗೆ ಏರುತ್ತಿತ್ತು. ಹಾಗೆ ಏರಿದವರು ಬೀದಿಯಲ್ಲಿ ಹೆಣ್ಣಿನ ಉಡುಪು ತೊಟ್ಟು ಕಾಣಿಸಿದರೆ, ಕುಣಿದರೆ, ಹಾಡಿದರೆ ವಾರಂಟ್ ಇಲ್ಲದೆ ಬಂಧನ, ಎರಡು ವರ್ಷದವರೆಗೆ ಜೈಲು. ಮಗುವನ್ನು ದತ್ತು ತಗೊಳ್ಳೋ ಹಾಗಿಲ್ಲ, ಉಯಿಲು ಬರೆಯೋ ಹಾಗಿಲ್ಲ.

ಬ್ರಿಟಿಷರ ಆ ಕಾಯ್ದೆ ಮುಖ್ಯವಾಗಿ ಉತ್ತರ ಭಾರತದ ಪ್ರಾಂತ್ಯಗಳಲ್ಲಿ ಜಾರಿಯಾಗಿದ್ದು. ನಮಗೆ ಸಂಬಂಧ ಇಲ್ಲ ಅಂತ ನಿಟ್ಟುಸಿರು ಬಿಡಬೇಡಿ. ಅದೇ ಅಚ್ಚಿನ ಇನ್ನೊಂದು ಕಾಯ್ದೆ ಹೈದರಾಬಾದ್ ಸಂಸ್ಥಾನದಲ್ಲಿ 1919ರಲ್ಲಿ ಬಂತು. ಇವತ್ತಿನ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ ಆಗ ನಿಜಾಮರ ಕೈಯಲ್ಲಿದ್ದವು. ತೆಲಂಗಾಣದ ಕಾನೂನು ಪುಸ್ತಕದಲ್ಲಿ ಅದು ಹಾಗೇ ಉಳಿದಿತ್ತು. ಅಲ್ಲಿನ ಹೈಕೋರ್ಟು ಅದನ್ನು ಹೊಡೆದುಹಾಕಿದ್ದು 2023ರಲ್ಲಿ!

ಇನ್ನು ನಮ್ಮ ಕರ್ನಾಟಕ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಹೊಸ ಕಲಂ ಸೇರಿಸಿದರು. ಅದೇ 'ಯೂನಕ್' ಪದ, ಅದೇ ಅನುಮಾನ, ಅದೇ ರಿಜಿಸ್ಟರ್. 1871ಕ್ಕೂ 2011ಕ್ಕೂ 140 ವರ್ಷ. ಸಮುದಾಯದ ಸಂಘಟನೆಗಳು ಬೀದಿಗಿಳಿದು, ಹೈಕೋರ್ಟಿಗೆ ಹೋದ ಮೇಲೆ ಆ ಪದವನ್ನು ತೆಗೆದು 'ವ್ಯಕ್ತಿಗಳು' ಅಂತ ಮಾಡಿದರು.

ಕೌಂಟರಿನಲ್ಲಿ ಕೇಳಿದ "ಆಪರೇಷನ್ ಆಗಿದ್ಯಾ" ಅನ್ನೋ ಪ್ರಶ್ನೆ ನಮ್ಮ ಪಕ್ಕದ ಟೇಬಲ್ಲಿನವರ ಸ್ವಂತದ್ದಲ್ಲ ಅನ್ನೋದು ಅವತ್ತು ನನಗೆ ಅರ್ಥ ಆಯ್ತು. ಅದು ಸರ್ಕಾರದ ಹಳೇ ಪ್ರಶ್ನೆ. ಮೈ ತಪಾಸಣೆ ಮಾಡಿ, ರಿಜಿಸ್ಟರಲ್ಲಿ ಬರೆದು, ಅಲ್ಲಿಗೆ ಮನುಷ್ಯನನ್ನು ಮುಗಿಸಿಬಿಡುವ ಪ್ರಶ್ನೆ.

ಹುಲಿಗಿಯಿಂದ ದೆಹಲಿಯವರೆಗೆ

ಮಾತಾ ಬಿ. ಮಂಜಮ್ಮ ಜೋಗತಿ ಎಲ್ಲರಿಗೂ ಗೊತ್ತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಳ್ಳುವಾಗ ಸೆರಗು ಹಿಡಿದು ರಾಷ್ಟ್ರಪತಿಗೆ ದೃಷ್ಟಿ ತೆಗೆದರಲ್ಲ, ಆ ವಿಡಿಯೊ ನೋಡದವರಿಲ್ಲ. ಎಲ್ಲರೂ ಶೇರ್ ಮಾಡಿದೆವು, ನಾನೂ ಮಾಡಿದೆ. ಆದ್ರೆ ಆ ಮೂರು ನಿಮಿಷಕ್ಕಿಂತ ಹಿಂದಿನ ದಾರಿ ಎಷ್ಟು ಉದ್ದ?

ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥ ಶೆಟ್ಟಿ ಅನ್ನೋ ಹೆಸರಲ್ಲಿ ಹುಟ್ಟಿದವರು. ಹೆಣ್ಣಿನ ಭಾವ ಚಿಕ್ಕ ವಯಸ್ಸಿನಲ್ಲೇ ಕಂಡಿತು. ಮನೆಯವರಿಗೆ ಗೊತ್ತಿದ್ದ ಒಂದೇ ದಾರಿ ದೇವರದ್ದು. ಹುಲಿಗಿಯ ಹುಲಿಗೆಮ್ಮನ ಗುಡಿಯಲ್ಲಿ ಉಡಿದಾರ ಕಡಿದು, ಲಂಗ, ಕುಪ್ಪಸ, ಬಳೆ ಕೊಟ್ಟು, ಮುತ್ತು ಕಟ್ಟಿಸಿದರು. ಹೆತ್ತತಾಯಿ ಅವತ್ತು ಮಗ ಸತ್ತನೇನೋ ಅನ್ನೋ ಹಾಗೆ ಅತ್ತದ್ದನ್ನು ಮಂಜಮ್ಮನವರೇ ಹೇಳಿಕೊಂಡಿದ್ದಾರೆ. ಆಮೇಲೆ ಮನೆ ಬಿಟ್ಟದ್ದು, ವಿಷ ಕುಡಿದು ಬದುಕಿದ್ದು, ಭಿಕ್ಷೆ ಬೇಡಿದ್ದು, ಕಾಳವ್ವ ಜೋಗತಿಯವರ ಹತ್ತಿರ ಜೋಗತಿ ನೃತ್ಯ ಕಲಿತದ್ದು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು.

ಈಗ ಹೇಳಿ, ಮಂಜುನಾಥ ಮಂಜಮ್ಮ ಆದದ್ದು ಯಾವ ತಾರೀಖು? ಮುತ್ತು ಕಟ್ಟಿದ ದಿನವಾ? ಅವತ್ತು ಸಿಕ್ಕಿದ್ದು ಉಡುಪು ಮತ್ತು ಒಂದು ಹೆಸರು. ಮುತ್ತು ಕಟ್ಟಿದ ಮೇಲೂ ವಿಷ ಕುಡಿಯುವ ಪರಿಸ್ಥಿತಿ ಬಂತು ಅಂದ್ರೆ ತನ್ನನ್ನು ತಾನು ಕಂಡುಕೊಳ್ಳುವ ಕೆಲಸ ಅವತ್ತಿಗೆ ಮುಗಿದಿರಲಿಲ್ಲ. ಅದು ಮುಂದುವರಿದದ್ದು ಕಾಲಿಗೆ ಗೆಜ್ಜೆ ಕಟ್ಟಿದ ಮೇಲೆ, ಕಾಳವ್ವನಂಥ ಗುರು ಸಿಕ್ಕ ಮೇಲೆ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥೆಯ ಹೆಸರು 'ನಡುವೆ ಸುಳಿವ ಹೆಣ್ಣು'. ಸುಳಿವುದು ಅಂದ್ರೆ ಒಂದು ಕಡೆ ನಿಂತುಬಿಡೋದಲ್ಲ.

ಇನ್ನೊಂದು ವಿಷಯ ಗಮನಿಸಿ. ಜೋಗಪ್ಪ, ಜೋಗತಿ ಪರಂಪರೆಯಲ್ಲಿ ಹೆಚ್ಚಿನವರು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದಿಲ್ಲ. ಹಿಜಡಾ ಜಮಾತಿನಲ್ಲಿ 'ನಿರ್ವಾಣ' ಅಂತ ಮಾಡಿಸಿಕೊಳ್ಳುವವರಿದ್ದಾರೆ, ಮಾಡಿಸಿಕೊಳ್ಳದವರೂ ಇದ್ದಾರೆ. ಆಪರೇಷನ್ ಬೇಕು ಅನ್ನುವವರಿಗೆ ಅದು ಪ್ರಾಣದಷ್ಟು ಮುಖ್ಯ. ಸುರಕ್ಷಿತವಾಗಿ, ಸರ್ಕಾರಿ ಆಸ್ಪತ್ರೆಯಲ್ಲೇ ಸಿಗಬೇಕು. ಆದ್ರೆ ಅದು ದಾರಿಯಲ್ಲಿ ಸಿಗುವ ಒಂದು ಊರು ಅಷ್ಟೇ. ಎಲ್ಲರ ಬಸ್ಸೂ ಆ ಊರಿನಲ್ಲಿ ನಿಲ್ಲಲೇಬೇಕು ಅಂತೇನಿಲ್ಲ.

ನಮ್ಮವರಿಗೆ ಒಂದು ಎಚ್ಚರಿಕೆಯ ಮಾತು. ಮುತ್ತು ಕಟ್ಟುವ ಪದ್ಧತಿಯನ್ನು ಹೊಗಳಲು ಇದನ್ನು ಬರೆದಿಲ್ಲ. ಅದೇ ಮುತ್ತು ನಮ್ಮ ಎಷ್ಟು ಹೆಣ್ಣುಮಕ್ಕಳ ಕೊರಳಿಗೆ ಬಿದ್ದು ದೇವದಾಸಿ ಮಾಡಿತು ಅಂತ ನಮಗೆ ಗೊತ್ತು. 1982ರ ನಿಷೇಧ ಕಾಯ್ದೆ ಬಂದದ್ದು ಅದಕ್ಕೇ. ದೇವರ ಹೆಸರಿಲ್ಲದೆ, ಬರೀ ಮನುಷ್ಯಳಾಗಿ "ನಾನು ಹೆಣ್ಣು" ಅಂತ ಹೇಳುವ ಜಾಗ ಊರಲ್ಲಿ ಇರಲಿಲ್ಲ ಅನ್ನೋದೇ ಇಲ್ಲಿಯ ಸಂಕಟ. ಇನ್ನು ಹುಟ್ಟಿನಲ್ಲಿ ಹೆಣ್ಣು ಅನ್ನಿಸಿಕೊಂಡು, ತಾನು ಗಂಡು ಅಂತ ತಿಳಿದವರಿಗೆ ಗುಡಿಯೂ ಇಲ್ಲ, ಜಮಾತೂ ಇಲ್ಲ. ಮದುವೆ ಮಾಡಿ ಕಳಿಸಿದರೆ ಮುಗಿಯಿತು. ಅವರ ಬದುಕು ನಮ್ಮ ಕಣ್ಣಿಗೆ ಬೀಳದೆ ಇರೋದಕ್ಕೆ ಇದೇ ಕಾರಣ.

ಸಿನಿಮಾ ನೋಡಿದ್ವಿ, ಜಾತಿ ನೋಡಲಿಲ್ಲ

2015ರಲ್ಲಿ 'ನಾನು ಅವನಲ್ಲ ಅವಳು' ಬಂತು. ಬಿ.ಎಸ್. ಲಿಂಗದೇವರು ನಿರ್ದೇಶನ. ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಇವತ್ತು ಅವರಿಲ್ಲ, ಆ ಪಾತ್ರ ಇದೆ. ಆ ಸಿನಿಮಾದ ಮೂಲ ತಮಿಳಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ. ಆಕೆ ದಲಿತ ಕುಟುಂಬದಿಂದ ಬಂದವರು, ಜಾತಿ ಬಗ್ಗೆ ಗಟ್ಟಿಯಾಗಿ ಮಾತಾಡುವವರು. ಸಿನಿಮಾ ನೋಡಿ ಕಣ್ಣೀರು ಹಾಕಿದ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು? ನನಗೆ ಗೊತ್ತಿರಲಿಲ್ಲ.

ಹಾಗೇ ಎ. ರೇವತಿ. ತಮಿಳುನಾಡಿನಿಂದ ಬಂದು ಬೆಂಗಳೂರಿನ 'ಸಂಗಮ' ಸಂಸ್ಥೆಯಲ್ಲಿ ದುಡಿದವರು. ಅವರ ಆತ್ಮಕಥೆಯನ್ನು 'ಬದುಕು ಬಯಲು' ಅಂತ ಕನ್ನಡಕ್ಕೆ ತಂದದ್ದು ನಮ್ಮ ದು. ಸರಸ್ವತಿ ಅಕ್ಕ. ದಲಿತ ಹೋರಾಟದ ಹೆಣ್ಣುಮಗಳೊಬ್ಬಳು ಆ ಪುಸ್ತಕವನ್ನು ಕೈಗೆತ್ತಿಕೊಂಡದ್ದು ಸುಮ್ಮನೆ ಅಲ್ಲ. ಮನೆಯಿಂದ, ಊರಿಂದ, ಬಾವಿಯಿಂದ ಹೊರಗಿಟ್ಟವರ ಭಾಷೆ ಹೊರಗಿಟ್ಟವರಿಗೆ ಬೇಗ ಅರ್ಥ ಆಗುತ್ತದೆ. ಆಗಬೇಕು. ಗಂಡಸರಾದ ನಮಗೆ ಆಗಿಲ್ಲ ಅಷ್ಟೇ.

2011ರ ಜನಗಣತಿಯಲ್ಲಿ ಮೊದಲ ಸಲ ಗಂಡು, ಹೆಣ್ಣು ಜೊತೆಗೆ 'ಇತರೆ' ಅಂತ ಒಂದು ಆಯ್ಕೆ ಕೊಟ್ಟರು. ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ. ದೇಶದ ಲೆಕ್ಕದಲ್ಲಿ 78,811 ಜನ ಪರಿಶಿಷ್ಟ ಜಾತಿಯವರು. ಬಾಗಿಲು ಬಡಿದ ಗಣತಿದಾರರ ಮುಂದೆ, ಮನೆಯವರೆಲ್ಲ ಕೇಳಿಸಿಕೊಳ್ಳುವಾಗ, ಎಷ್ಟು ಜನ ಹೇಳಿಕೊಂಡಿರಬಹುದು ಯೋಚನೆ ಮಾಡಿ. ಅಷ್ಟಾದರೂ ಆರು ಜನರಲ್ಲಿ ಒಬ್ಬರು ನಮ್ಮವರು. "ಇದೆಲ್ಲ ಸಿಟಿಯ, ಮೇಲ್ಜಾತಿಯ, ಇಂಗ್ಲಿಷಿನವರ ವಿಷಯ" ಅನ್ನೋ ಕಾಮೆಂಟು ಹಾಕುವ ಮುಂಚೆ ಈ ಅಂಕಿ ನೆನಪಿರಲಿ.

ಬಾಬಾಸಾಹೇಬರ 21 ವರ್ಷ

"ಇನ್ನೂ ಗೊತ್ತಾಗ್ತಾನೇ ಇದೆ ಅಂದ್ರೆ ಖಾತ್ರಿ ಇಲ್ಲ ಅಂತ ತಾನೇ ಅರ್ಥ? ನಾಳೆ ಬದಲಾದ್ರೆ?" ನಮ್ಮ ಸಂಘಟನೆಯ ಹಿರಿಯರೊಬ್ಬರು ನನ್ನನ್ನೇ ಕೇಳಿದ ಪ್ರಶ್ನೆ ಇದು. ಉತ್ತರ ನಮ್ಮ ಮನೆಯಲ್ಲೇ ಇದೆ.

1930ರಲ್ಲಿ ಬಾಬಾಸಾಹೇಬರು ನಾಸಿಕದ ಕಾಳಾರಾಮ ದೇವಸ್ಥಾನದ ಪ್ರವೇಶಕ್ಕೆ ಸತ್ಯಾಗ್ರಹ ಶುರು ಮಾಡಿದರು. ಐದು ವರ್ಷ ಕಳೆದು, 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯುವುದಿಲ್ಲ ಅಂತ ಘೋಷಿಸಿದರು. ತಾನು ಏನಲ್ಲ ಅನ್ನೋದು ಅವತ್ತಿಗೆ ಖಚಿತವಾಗಿತ್ತು. ಮುಂದೆ ಏನು? ಸಿಖ್ ಧರ್ಮದ ಬಗ್ಗೆ ಯೋಚಿಸಿದರು. ಓದಿದರು, ಬರೆದರು, ಚರ್ಚಿಸಿದರು. ನಾಗಪುರದಲ್ಲಿ ಬೌದ್ಧ ದೀಕ್ಷೆ ತಗೊಂಡದ್ದು 1956ರ ಅಕ್ಟೋಬರ್ 14. ನಡುವೆ 21 ವರ್ಷ.

1930ರಲ್ಲಿ ಗುಡಿ ಬಾಗಿಲಿಗೆ ಹೋದ ಅಂಬೇಡ್ಕರ್ ಸುಳ್ಳು, 1956ರ ಅಂಬೇಡ್ಕರ್ ನಿಜ ಅಂತ ಯಾರಾದ್ರೂ ಹೇಳ್ತೀವಾ? 21 ವರ್ಷ ತಗೊಂಡ್ರಲ್ಲ, ಖಾತ್ರಿ ಇರಲಿಲ್ಲ ಅಂತೀವಾ? ಇಲ್ಲ. ಹುಡುಕಾಟವೇ ಅವರ ಪ್ರಾಮಾಣಿಕತೆ ಅಂತೀವಿ. ಆ ಗೌರವವನ್ನು ಲೈನ್ ಮನೆಯ ಒಬ್ಬ ಹುಡುಗಿಗೆ ಕೊಡೋಕೆ ಯಾಕೆ ಆಗಲ್ಲ?

ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಧರ್ಮವನ್ನು ವಿಚಾರ ಮಾಡಿ ಆರಿಸಿಕೊಳ್ಳುತ್ತೇವೆ. ಆಕೆ ಹೆಣ್ತನವನ್ನು ಆರಿಸಿಕೊಂಡಿಲ್ಲ, ಅದು ಇತ್ತು. ಹೆಣ್ಣು ಅನ್ನೋದರಲ್ಲಿ ಆಕೆಗೆ ಅನುಮಾನ ಇಲ್ಲ. ಯಾವ ಹೆಸರು, ಯಾವ ಉಡುಪು, ಹಾರ್ಮೋನು ಬೇಕಾ ಬೇಡವಾ, ಅಪ್ಪನ ಎದುರು ಹೇಗೆ ನಿಲ್ಲೋದು, ಕೆಲಸದ ಜಾಗದಲ್ಲಿ ಎಷ್ಟು ಹೇಳೋದು, ಹೀಗೆ ಬದುಕಿದಾಗ ತಾನು ಎಂಥ ಮನುಷ್ಯಳಾಗ್ತೀನಿ, ಇವೆಲ್ಲ ದಿನಾ ತಿಳಿಯುತ್ತಾ ಹೋಗುವಂಥವು. ನಲವತ್ತು ದಾಟಿದ ನನಗೆ ಗಂಡಸಾಗಿರೋದು ಅಂದ್ರೇನು ಅಂತ ಪೂರ್ತಿ ಗೊತ್ತಾ? ಗೊತ್ತಿದ್ದಿದ್ರೆ ಅವತ್ತು ವಹಿಯೊಳಗೆ ತಲೆ ಹಾಕ್ತಾ ಇರಲಿಲ್ಲ. ನನ್ನನ್ನು ಮಾತ್ರ ಯಾರೂ ಡೇಟ್ ಕೇಳಲ್ಲ.

ಕಾಗದದ ವಿಷಯಕ್ಕೆ ಬಂದರೆ ಹೋಲಿಕೆ ಇನ್ನೂ ಹತ್ತಿರ. ಬಾಬಾಸಾಹೇಬರ ಜೊತೆ ಲಕ್ಷಾಂತರ ಜನ ಬೌದ್ಧರಾದರಲ್ಲ, ಸರ್ಕಾರ ಅವರಿಗೆ ಏನು ಹೇಳಿತು? ಬದಲಾದ್ರೆ ನೀವು ಪರಿಶಿಷ್ಟ ಜಾತಿಯವರಲ್ಲ. ಆ ಹಕ್ಕು ವಾಪಸ್ ಬಂದದ್ದು 1990ರಲ್ಲಿ, 34 ವರ್ಷದ ನಂತರ. ಮನುಷ್ಯ ಮುಂದೆ ನಡೆದಾಗ ದಾಖಲೆ ಹಿಂದೆ ನಿಂತುಬಿಡೋದು ನಮಗೆ ಹೊಸದಲ್ಲ.

ಕಾನೂನು ಎಲ್ಲಿಗೆ ಬಂತು

2014ರ ಏಪ್ರಿಲ್ 15ರ ನಾಲ್ಸಾ ತೀರ್ಪು ಎಲ್ಲರೂ ತಿಳಿಯಬೇಕಾದದ್ದು. ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವುದು ವ್ಯಕ್ತಿಯ ಹಕ್ಕು, ಅದಕ್ಕೆ ಶಸ್ತ್ರಚಿಕಿತ್ಸೆ ಆಗಿರಲೇಬೇಕು ಅಂತ ಒತ್ತಾಯಿಸುವುದು ಅನೈತಿಕ ಮತ್ತು ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟ್ ಹೇಳಿತು. 2018ರ ಸೆಪ್ಟೆಂಬರ್ 6ರಂದು ಒಪ್ಪಿತ ಸಂಬಂಧದ ಮಟ್ಟಿಗೆ 377 ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಒಪ್ಪಿದ ತನ್ನ ಹೊಸ ರೋಗಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆಯಿತು.

2019ರ ಕೇಂದ್ರ ಕಾಯ್ದೆ ಅರ್ಧ ಕೊಟ್ಟು ಅರ್ಧ ಕಿತ್ತುಕೊಂಡಿತು. ಸ್ವಯಂ ಗ್ರಹಿಸಿದ ಲಿಂಗತ್ವದ ಹಕ್ಕು ಇದೆ ಅಂತ ನಾಲ್ಕನೇ ಕಲಮಿನಲ್ಲಿ ಬರೆಯಿತು. 2020ರ ನಿಯಮಗಳ ಪ್ರಕಾರ 'ಟ್ರಾನ್ಸ್‌ಜೆಂಡರ್' ಅಂತ ಪ್ರಮಾಣಪತ್ರಕ್ಕೆ ಅಫಿಡವಿಟ್ ಸಾಕಿತ್ತು, ಮೈ ತಪಾಸಣೆ ಇರಲಿಲ್ಲ. ಆದ್ರೆ 'ಹೆಣ್ಣು' ಅಥವಾ 'ಗಂಡು' ಅಂತಲೇ ಬರೆಸಿಕೊಳ್ಳಬೇಕಾದ್ರೆ ಏಳನೇ ಕಲಂ ಮತ್ತೆ ಆಸ್ಪತ್ರೆಯ ಸರ್ಟಿಫಿಕೇಟ್ ಕೇಳುತ್ತದೆ. ಹಳೇ ಪ್ರಶ್ನೆ ಹಿಂಬಾಗಿಲಿಂದ ಬಂತು. ಅವರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನಿಗೆ ಆ ಕಾಯ್ದೆಯಲ್ಲಿ ಗರಿಷ್ಠ ಎರಡು ವರ್ಷ ಶಿಕ್ಷೆ. ಜೀವಕ್ಕೆ ಎಷ್ಟು ಬೆಲೆ ಕಟ್ಟಿದ್ದಾರೆ ಅನ್ನೋದು ಇಷ್ಟರಲ್ಲೇ ಗೊತ್ತಾಗುತ್ತದೆ.

ನಮ್ಮ ರಾಜ್ಯದ್ದು ಒಂದು ಒಳ್ಳೆಯ ಕೆಲಸ. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1 ಮೀಸಲಾತಿ ಬಂತು, ದೇಶದಲ್ಲೇ ಮೊದಲು. ಅದೂ ಸಮತಲ ಮೀಸಲಾತಿ. ಅಂದ್ರೆ ಸಾಮಾನ್ಯ, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಪ್ರತಿಯೊಂದರ ಒಳಗೂ ಶೇ. 1. ಇದು ಯಾಕೆ ಮುಖ್ಯ ಅಂದ್ರೆ, ಎಲ್ಲರನ್ನೂ ಒಟ್ಟಿಗೆ ಒಂದು ಹಿಂದುಳಿದ ವರ್ಗಕ್ಕೆ ಸೇರಿಸಿದ್ರೆ ದಲಿತ ಟ್ರಾನ್ಸ್ ಹುಡುಗಿ ಒಂದೋ ಜಾತಿ ಬಿಡಬೇಕು, ಇಲ್ಲವೇ ಲಿಂಗತ್ವ ಬಿಡಬೇಕು. ಎರಡು ಗಾಯ ಇರುವವಳಿಗೆ ಒಂದೇ ಪಟ್ಟಿ ಕಟ್ಟಿದ ಹಾಗೆ.

ಕೊನೆಗೆ ಜನನ ಪ್ರಮಾಣಪತ್ರ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ತಪ್ಪಾಗಿದ್ದರೆ ಮಾತ್ರ ತಿದ್ದುಪಡಿ. "ಹುಟ್ಟಿದಾಗ ಬರೆದದ್ದು ತಪ್ಪಲ್ಲವಲ್ಲ" ಅಂತ ಕಚೇರಿಗಳು ಅರ್ಜಿ ವಾಪಸ್ ಕಳಿಸ್ತಾ ಇದ್ದವು. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಇದಕ್ಕೆ ದಾರಿ ಮಾಡಿತು. ಕಾನೂನು ತಿದ್ದುಪಡಿ ಆಗುವವರೆಗೆ, ಹಿಂದಿನ ಹೆಸರು ಮತ್ತು ಲಿಂಗದ ಜೊತೆ ಈಗಿನದ್ದನ್ನೂ ನಮೂದಿಸಿ ಹೊಸ ಪ್ರಮಾಣಪತ್ರ ಕೊಡಿ ಅಂತ. ಇದರಲ್ಲಿ ಕಷ್ಟವೂ ಇದೆ. ಹಳೇ ಹೆಸರು ಹೋದಲ್ಲೆಲ್ಲ ಬೆನ್ನು ಹತ್ತುತ್ತದೆ. ಆದ್ರೆ ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಸರ್ಕಾರಿ ಕಾಗದ, ಮನುಷ್ಯರು ನಡೆದು ಬಂದಿದ್ದಾರೆ ಅಂತ ಒಪ್ಪಿಕೊಂಡಿತು.

ನಮ್ಮ ಕೊಡಗಿನಲ್ಲಿ

ನಮ್ಮ ಜಿಲ್ಲೆಯ ದೇವರಪುರದಲ್ಲಿ ಪ್ರತಿ ಮೇ ತಿಂಗಳು ಕುಂಡೆ ಹಬ್ಬ. ತೋಟಗಳಲ್ಲಿ ದುಡಿಯುವ ಕುರುಬ, ಯರವ ಗಂಡಸರು ಸೀರೆ, ಲಂಗ ತೊಟ್ಟು, ಡಬ್ಬ ಬಡಿಯುತ್ತಾ, ದೇವರನ್ನೂ ಧಣಿಗಳನ್ನೂ ಬಾಯಿಗೆ ಬಂದಂತೆ ಬೈದು ಕುಣಿಯುತ್ತಾರೆ. ಅವತ್ತು ಯಾರೂ ಬೇಸರ ಮಾಡಿಕೊಳ್ಳಲ್ಲ. ದುಡ್ಡು ಕೊಟ್ಟು ನಕ್ಕು ಕಳಿಸುತ್ತಾರೆ. ಒಂದು ದಿನಕ್ಕೆ ಸೀರೆ ಉಟ್ಟ ಗಂಡಸು ಹಬ್ಬ. ವರ್ಷವಿಡೀ ಉಡ್ತೀನಿ ಅಂದ ಮಗುವಿಗೆ ಬಾರುಕೋಲು. ಅದೂ ಅದೇ ಲೈನ್ ಮನೆಯಲ್ಲಿ.

ಈ ಹೊಡೆತಕ್ಕೆ ನಮ್ಮ ಬಡತನವೂ ಕಾರಣ. ಲೈನ್ ಮನೆಯಲ್ಲಿ ಒಂದೇ ಕೋಣೆ. ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ನಿಂತು "ನಾನ್ಯಾರು" ಅಂತ ನೋಡಿಕೊಳ್ಳೋಕೆ ಜಾಗ ಎಲ್ಲಿ? ಮಗ ಹೀಗೆ ಅಂತ ಮಾತು ಹಬ್ಬಿದರೆ ಧಣಿ ಕೆಲಸ ಬಿಡಿಸಿಯಾನು, ಕೆಲಸ ಹೋದರೆ ಮನೆಯೂ ಹೋಯಿತು ಅಂತ ಅಪ್ಪ ಅಮ್ಮನಿಗೆ ಭಯ. ತನ್ನನ್ನು ತಾನು ಕಂಡುಕೊಳ್ಳೋಕೆ ಸಮಯ ಬೇಕು, ಒಂದು ಮೂಲೆ ಬೇಕು, ಮಾತಾಡೋಕೆ ಒಬ್ಬರು ಬೇಕು. ಭೂಮಿ ಮತ್ತು ಮನೆಯ ನಮ್ಮ ಹೋರಾಟಕ್ಕೂ ಈ ವಿಷಯಕ್ಕೂ ಸಂಬಂಧ ಇಲ್ಲ ಅನ್ನುವವರು ಇದನ್ನು ಯೋಚಿಸಬೇಕು.

ಮಾರನೇ ದಿನ ನಾನು ಮಾಡಿದ್ದು ದೊಡ್ಡದೇನಲ್ಲ. ಹೈಕೋರ್ಟ್ ಆದೇಶದ ಪ್ರತಿ ಪ್ರಿಂಟ್ ತೆಗೆದು ಪಕ್ಕದ ಟೇಬಲ್ಲಿನ ಮೇಲಿಟ್ಟೆ. ಕಾಯ್ದೆಯ ಆರನೇ ಕಲಮಿಗೆ ಗೆರೆ ಎಳೆದಿದ್ದೆ. ಗುರುತಿನ ಪ್ರಮಾಣಪತ್ರದಲ್ಲಿ ಇರುವ ಲಿಂಗವನ್ನೇ ಎಲ್ಲ ಸರ್ಕಾರಿ ದಾಖಲೆಯಲ್ಲೂ ಬರೆಯಬೇಕು ಅಂತ ಅಲ್ಲಿದೆ. "ನಿನ್ನೆ ಹೇಳೋದಲ್ವಾ" ಅಂದರು. ಸರಿಯಾಗೇ ಹೇಳಿದರು. ಆಕೆಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ನೀವು ನಗಲಿಲ್ಲ ಅಂತ ನೋಡಿದ್ದೆ ಅಣ್ಣ. ಮಾತಾಡಲಿಲ್ಲ ಅಂತಾನೂ ನೋಡಿದ್ದೆ" ಅಂದಳು. ಎರಡನೇ ಸಲ ಬಂದಾಗ ಅರ್ಜಿ ಇನ್‌ವರ್ಡ್ ಆಯ್ತು, ನಂಬರ್ ಬಿತ್ತು. ಇದನ್ನು ಬರೆಯುವ ಹೊತ್ತಿಗೆ ಆದೇಶ ಆಗಿಲ್ಲ. ಹೆಸರು ಹಾಕಬೇಡಿ, ವಿಷಯ ಬರೀರಿ ಅಂತ ಆಕೆಯೇ ಹೇಳಿದ್ದಕ್ಕೆ ಬರೆದೆ.

ಸಂಗಾತಿಗಳಲ್ಲಿ ಕೇಳೋದು ಇಷ್ಟೇ. ಮುಂದಿನ ಏಪ್ರಿಲ್ 14ಕ್ಕೆ ವೇದಿಕೆ ಹಾಕುವಾಗ ನಮ್ಮ ನಡುವಿನ ಈ ಅಕ್ಕಂದಿರನ್ನು, ಅಣ್ಣಂದಿರನ್ನು ಬರೀ ಸನ್ಮಾನಕ್ಕೆ ಕರೆಯಬೇಡಿ, ಮೈಕ್ ಕೊಡಿ. ಕಚೇರಿಯಲ್ಲಿ ಕೂತಿರುವ ನಮ್ಮವರು ಕಾಗದ ನೋಡಿ, ಮೈ ನೋಡಬೇಡಿ. ನಿಮ್ಮ ಮನೆಯ ಮಗು ಏನೋ ಹೇಳೋಕೆ ಒದ್ದಾಡ್ತಿದ್ರೆ ತಾರೀಖು ಕೇಳಬೇಡಿ. ಪಕ್ಕದಲ್ಲಿ ಕೂತು, ಅದು ಹೇಳಿ ಮುಗಿಸುವ ತನಕ ಕೇಳಿಸಿಕೊಳ್ಳಿ.

ಜೈ ಭೀಮ್.